ಬೀಗದೊಳಗಿನ ಕಂಪ್ಯೂಟರ್ ಯಾರ ಉದ್ಧಾರಕ್ಕೆ?

2003ನೇ ಇಸವಿ. ನಜರ್‌ಬಾದಿನ ಒಂದು ಶಾಲೆಗೆ ಕಂಪ್ಯೂಟರ್ ಬಂದು ವರ್ಷವಾಗುತ್ತಾ ಬಂದಿತ್ತು. ಬಂದ ದಿನ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದ್ದೇ ಹಾಕಿದ್ದು. ಮಕ್ಕಳು ಕಿಟಕಿಯಿಂದ ಇಣುಕಿ ಹೋಗುತ್ತಿದ್ದರು. ಕಮಲ ಟೀಚರ್ ಕೇಳಿದಾಗಲೆಲ್ಲ ಹೆಡ್ ಮೇಷ್ಟ್ರು ಷಡಕ್ಷರಿ ಒಂದೊಂದು ನೆಪ ಹೇಳುತ್ತಿದ್ದರು. ಇವತ್ತು ಧೂಳು, ನಾಳೆ ಕರೆಂಟು, ನಾಡಿದ್ದು ಇನ್‌ಸ್ಪೆಕ್ಷನ್. ಕೆಟ್ಟರೆ ಜವಾಬ್ದಾರಿ ಯಾರದು ಅನ್ನುವುದು ಕೊನೆಯ ಮಾತು. ರಜೆಯೆಲ್ಲ ತರಬೇತಿಗೆ ಹೋಗಿ ಕಲಿತು ಬಂದಿದ್ದ ಕಮಲ ಟೀಚರಿಗೆ ಕೇಳಿ ಕೇಳಿ ಸಾಕಾಗಿಹೋಗಿತ್ತು.

ಅಷ್ಟರಲ್ಲಿ, ಊರಿನ ಬೆಟ್ಟದ ಮೇಲಿನ ದೇವಸ್ಥಾನದ ಬಳಿ ಹೂವು ಮಾರುವ ಪುಟ್ಟತಾಯಮ್ಮ ಶಾಲೆಗೆ ಬಂದರು. ಐದನೇ ಕ್ಲಾಸಿನ ಮಗಳು ಶಿಲ್ಪಶ್ರೀಯನ್ನು ಶಾಲೆ ಬಿಡಿಸುತ್ತಾರಂತೆ. ಮಗುವಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಕನ್ನಡಕ ಹಾಕಿದರೂ ಪುಸ್ತಕದ ಅಕ್ಷರ ಕಾಣದು. ದಪ್ಪಗೆ ಬರೆದುಕೊಟ್ಟರೆ ಓದುತ್ತಿದ್ದಳು, ಆದರೆ ಎಲ್ಲ ಪಾಠವನ್ನೂ ಹಾಗೆ ಬರೆದುಕೊಡುವವರು ಯಾರು?

"ಓದೋಕಾಗದೋಳು ಇಲ್ಲಿ ಕೂತು ಏನ್ಮಾಡ್ತಾಳೆ ಟೀಚರ್? ನನ್ ಜೊತೆ ಹೂ ಕಟ್ಲಿ ಬುಡಿ" ಅಂದರು ಪುಟ್ಟತಾಯಮ್ಮ.

ಕಂಪ್ಯೂಟರಿನಲ್ಲಿ ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಬಹುದು ಅಂತ ಕಮಲ ಟೀಚರ್ ತಿಳಿಹೇಳಿದರು. ಅದೆಲ್ಲ ಇಂಗ್ಲಿಷ್ ಬಲ್ಲ ದೊಡ್ಡೋರ ಮಕ್ಕಳಿಗೆ ಅಂತ ತಾಯಿ ಒಪ್ಪಲಿಲ್ಲ. ಅಲ್ಲೇ ಕೂತಿದ್ದ ಹೆಡ್ ಮೇಷ್ಟ್ರು ಅದಕ್ಕೂ ಹೂಂಗುಟ್ಟಿದರು. ಟೀಚರ ತಾಳ್ಮೆ ಅಲ್ಲಿಗೆ ಮುಗಿಯಿತು.

"ಸಾರ್, ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಿಸೋಣ. ಈ ಮಗು ಶಾಲೆ ಬಿಟ್ಟರೆ ಮತ್ತೆ ಬರೋಲ್ಲ. ಬೀಗದ ಕೈ ಕೊಡಿ."

ಷಡಕ್ಷರಿ ಗೊಣಗುತ್ತಲೇ ಕೊಟ್ಟರು. ಕಮಲ ಟೀಚರ್ ಪಾಠದ ಒಂದಿಷ್ಟು ಸಾಲುಗಳನ್ನು ಕನ್ನಡದಲ್ಲೇ ಟೈಪ್ ಮಾಡಿ ಅಕ್ಷರಗಳನ್ನು ದಪ್ಪ ಮಾಡಿದರು. ಶಿಲ್ಪಶ್ರೀ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮೊದಲು ತಡವರಿಸಿದಳು, ಆಮೇಲೆ ಸರಾಗವಾಗಿ ಓದಿದಳು. ಮುಂದಿನ ಸಾಲೆಲ್ಲಿ ಅಂತ ಟೀಚರನ್ನೇ ದಬಾಯಿಸಿದಳು.

ಪುಟ್ಟತಾಯಮ್ಮ ಮಗಳನ್ನು ನೋಡಿದರು. ಹೆಡ್ ಮೇಷ್ಟ್ರ ಕಡೆ ತಿರುಗಿದರು.

"ಅಂಗಂದ್ರೆ, ಒಂದು ವರ್ಸದಿಂದ ಇದು ಇಲ್ಲೇ ಇತ್ತಾ ಸಾರ್?"

ಷಡಕ್ಷರಿ ಬೀಗದ ಕೈಯನ್ನು ಕಮಲ ಟೀಚರ ಬಳಿಯೇ ಬಿಟ್ಟರು. ಸೋಮವಾರದಿಂದ ಕೋಣೆ ತೆರೆಯಿತು. ಎಲ್ಲ ಮಕ್ಕಳಿಗೂ ಸರದಿ ಸಿಕ್ಕಿತು. ಶಿಲ್ಪಶ್ರೀ ಶಾಲೆಯಲ್ಲೇ ಉಳಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳ ಶಾಲೆಗೂ ಕಂಪ್ಯೂಟರ್ ಬಂದಿರಬಹುದು. ನಾಳೆಯೇ ಹೋಗಿ, ನಮ್ಮ ಮಗು ಅದರ ಮುಂದೆ ಯಾವತ್ತು ಕೂರುತ್ತೆ ಅಂತ ಕೇಳಿ. ಆಮೇಲೆ ನೋಡೋಣ ಅಂದರೆ ಮತ್ತೆ ಹೋಗಿ ಕೇಳಿ. ಅವರಿಗೆ ಬೇಜಾರಾದರೂ ಪರವಾಗಿಲ್ಲ, ನೀವು ಕೇಳುವುದನ್ನು ಬಿಡಬೇಡಿ.