ಕೂದಲೆಳೆಯಷ್ಟು ಎಡಕ್ಕೆ

“ಬೇವರ್ಸಿ, ಎಡಕ್ಕೆ ಅಂದ್ರೆ ಎಡಕ್ಕೆ! ಉಣ್ಣುವ ಕೈ ಯಾವುದು ಅಂತಲೂ ಗೊತ್ತಿಲ್ವಾ ನಿಂಗೆ?”

ಸೂಪರ್‌ವೈಸರ್ ಸುಜನ್ ಮೊಬೈಲಿನಲ್ಲಿ ಬೈಯುತ್ತಿದ್ದ. ಬೈಗುಳ ತಲುಪುತ್ತಿದ್ದುದು ಘಣಸೋಲಿಯ ಮೊಬೈಲ್ ಟವರೊಂದರ ತುದಿಯಲ್ಲಿದ್ದ ಸೈದಪ್ಪನ ಇಯರ್‌ಫೋನ್ ಸಿಕ್ಕಿಸಿದ ಕಿವಿಗೆ. ಕೆಳಗೆ ಹಗ್ಗ ಹಿಡಿದು ನಿಂತ ಬಾಲಮ್ಮನಿಗೆ ಗಂಡ ಕಾಗೆಯಷ್ಟು ಕಾಣುತ್ತಿದ್ದ. ಅವನ ಏದುಸಿರು ಮಾತ್ರ ಸುಜನನ ಮೊಬೈಲಿನ ಸ್ಪೀಕರಿನಲ್ಲಿ ಮಗ್ಗುಲಲ್ಲೇ ಇದ್ದಂತೆ ಕೇಳುತ್ತಿತ್ತು.

ಸೈದಪ್ಪ ಡಿಶ್ಶನ್ನು ಕಂಬಕ್ಕೆ ಕೂರಿಸಿ ಆಗಿತ್ತು. ಈಗ ಅದನ್ನು ಕೈಯಿಂದ ತಿರುಗಿಸುತ್ತ ಗುಡ್ಡದ ಮೇಲಿನ ಇನ್ನೊಂದು ಟವರಿಗೆ ನೇರ ಮುಖ ಮಾಡಿಸಬೇಕಿತ್ತು. ಸಿಗ್ನಲ್ ಸಿಕ್ಕಿತೋ ಇಲ್ಲವೋ ಸುಜನನ ಲ್ಯಾಪ್‌ಟಾಪಿನಲ್ಲಿ ತಿಳಿಯುತ್ತಿತ್ತು.

ಏರುವ ಮೊದಲು ಸೈದಪ್ಪನಿಗೆ ಸೇಫ್ಟಿ ಬೆಲ್ಟ್ ಕಟ್ಟಿಸಿ, ಫೋಟೋ ತೆಗೆದು ಕಂಪನಿಗೆ ಕಳಿಸಿದ್ದರು. ಆಮೇಲೆ ಅದನ್ನು ಬಿಚ್ಚಿಸಿ, ಅಲ್ಲಿಯ ಫೋಟೋಕ್ಕೆಂದು ಕಾಮೋಠೆಯ ಸೈಟಿಗೆ ಅಟ್ಟಿದ್ದರು.

“ಬೆಲ್ಟ್ ಇಲ್ದ ಹೆಂಗ್ ಏರ್ಲಿ ಸಾಹೇಬ್ರ?” ಎಂದಿದ್ದಕ್ಕೆ ಸುಜನ್ ನಕ್ಕಿದ್ದ. “ನಿಮ್ಮವರು ಮಂಗಗಳ ಹಾಗೆ ಹತ್ತುತ್ತಾರಲ್ಲ ಮಾರಾಯ. ಆಗದಿದ್ರೆ ಹೇಳು, ನಾಕಾದಲ್ಲಿ ಕೂಲಿಗೆ ಕಾಯ್ತಾ ಬೇಕಾದಷ್ಟು ಜನ ಕೂತಿದ್ದಾರೆ.”

ಕಡಲ ಖಾಡಿಯ ಕಡೆಯಿಂದ ಗಾಳಿ ಎದ್ದಿತು.

“ಸಾಹೇಬ್ರ, ಗಾಳಿ ಭಾಳ ಅದರಿ. ಕೈ ಸೆಟದಾವ. ಇಳದು ಬರ್ತೀನ್ರಿ, ಗಾಳಿ ನಿಂತ ಮ್ಯಾಗ ಮತ್ತ ಏರ್ತೀನಿ.”

“ಇಳಿದ್ರೆ ಮತ್ತೆ ಹತ್ತೋದೇ ಬೇಡ, ಸೀದಾ ಊರಿಗೆ ಹೋಗು. ಕೂದಲೆಳೆಯಷ್ಟು ಎಡಕ್ಕೆ... ಹೆಚ್ಚಾಯ್ತು, ಕತ್ತೆ!”

“ಅಣ್ಣಾರ, ಕಾಲಿಗಿ ಬೀಳ್ತೀನ್ರಿ, ಇಳಸ್ರಿ ಅವ್ರಿಗಿ” ಎಂದಳು ಬಾಲಮ್ಮ.

“ನೀನು ಹಗ್ಗ ಹಿಡಿ. ಬಿಟ್ರೆ ಡಿಶ್ ಗಾಳಿಗೆ ತಿರುಗಿ ಅವನಿಗೇ ಹೊಡೀತದೆ.”

ಕಾಲಿಗೆ ಬೀಳುವುದಕ್ಕೂ ಅವಳ ಕೈ ಬಿಡುವಾಗಿರಲಿಲ್ಲ. ಅಂಗೈ ಸುಲಿಯುತ್ತಿದ್ದರೂ ಹಗ್ಗ ಜಗ್ಗಿ ಹಿಡಿದಳು.

“ಬಂತು! ಬಿಗಿ, ಬಿಗಿ!”

ಸ್ಪೀಕರಿನಲ್ಲಿ ಪಾನಾ ಕಿರುಗುಟ್ಟಿತು. ಬೋಲ್ಟುಗಳೆಲ್ಲ ಬಿಗಿಯಾದವು. “ಹೋ ಗಯಾ ಸರ್” ಎಂದು ಲ್ಯಾಪ್‌ಟಾಪಿನಲ್ಲೇ ಯಾರಿಗೋ ವರದಿ ಒಪ್ಪಿಸಿ ಸುಜನ್ ಅದನ್ನು ಮುಚ್ಚಿದ. “ಏ, ಇಳಿ ಈಗ.”

ಸ್ಪೀಕರಿನಲ್ಲಿ ಗಾಳಿಯ ಸದ್ದಿನ ನಡುವೆ ಸೈದಪ್ಪನ ದನಿ ಬಂತು: “ಬಾಲೂ... ಕೈ ಬಿಡ್ಲಿಕ್ಕಿ ಬರವಲ್ದು.”

ಸೈದಪ್ಪ ಕಂಬವನ್ನು ತಬ್ಬಿಕೊಂಡಿದ್ದ. ಮಿಸುಕಲಿಲ್ಲ.

“ಫೈರ್ ಬ್ರಿಗೇಡಿನವ್ರಿಗಿ ಫೋನ್ ಮಾಡ್ರಿ!”

“ಮಾಡಿದ್ರೆ ಬೆಲ್ಟ್ ಎಲ್ಲಿ ಅಂತ ಕೇಳ್ತಾರೆ. ಸ್ವಲ್ಪ ಹೊತ್ತು ಬಿಡು, ತಾನೇ ಇಳೀತಾನೆ. ನಂಗೆ ಕಾಮೋಠೆಗೆ ಹೋಗ್ಲಿಕ್ಕುಂಟು.”

ಬಾಲಮ್ಮ ಹಗ್ಗ ಬಿಟ್ಟು ಸುಜನನ ಕೈಯಿಂದ ಮೊಬೈಲ್ ಕಿತ್ತುಕೊಂಡಳು. ಅದನ್ನು ಕುಪ್ಪಸದೊಳಗೆ ತುರುಕಿ, ಸೀರೆ ಎತ್ತಿ ಕಚ್ಚೆ ಹಾಕಿ, ಮೊದಲ ಸರಳಿನ ಮೇಲೆ ಕಾಲಿಟ್ಟಳು.

“ಏ ಹೆಂಗಸೇ, ನನ್ನ ಫೋನ್! ಹುಚ್ಚು ಹಿಡಿದಿದೆಯಾ? ಇಳಿ!”

“ಬಾ, ನೀನೇ ಏರಿ ಇಸ್ಕೋ, ಬಾಡ್ಯಾ!”

ಕಬ್ಬಿಣ ಕಾದಿತ್ತು. ಅಂಗೈಯ ರಕ್ತ ಸರಳಿಗೆ ಅಂಟುತ್ತಿತ್ತು. “ಗಟ್ಟಿ ಹಿಡಕೋರಿ, ನಾ ಬರ್ಲಾಕತ್ತೀನಿ” ಎನ್ನುತ್ತ ಏರಿದಳು. ಎದೆಯ ಹತ್ತಿರ ಅವನ ಉಸಿರು ಕೇಳುತ್ತಲೇ ಇತ್ತು.

ಅರ್ಧ ಏರುವಷ್ಟರಲ್ಲಿ ಆ ಉಸಿರಿನ ಸದ್ದು ನಿಂತಿತು. ಲೈನ್ ಕಡಿದಿತ್ತೋ ಏನೋ, ತಿಳಿಯಲಿಲ್ಲ. ತಲೆಯೆತ್ತಿ ನೋಡುವ ಧೈರ್ಯವಾಗದೆ ಬಾಲಮ್ಮ ಮುಂದಿನ ಸರಳಿಗೆ ಕೈ ಹಾಕಿದಳು.