ವಾಸದ ಮನೆಗಳು ಕಂಡುಬಂದಿಲ್ಲ

“ಬಾಗ್ಲು ಕೀಳೇ ಅಂದ್ರೆ ನನ್ನ ಮುಖ ನೋಡ್ತಾ ನಿಂತಿದೀಯಲ್ಲೇ ಮುಂಡೆ! ನನ್ನ ಮುಖಕ್ಕೇನು ಮೊಳೆ ಹೊಡೆದಿದ್ಯಾ ಕೀಳೋಕೆ?”

ಮೇಸ್ತ್ರಿಯ ಮಾತಿಗೆ ಅವನ ಹಿಂದೆ ನಿಂತಿದ್ದ ಲಾರಿ ಡ್ರೈವರುಗಳು ಕಿಸಕ್ಕನೆ ನಕ್ಕರು. ಬೈಸಿಕೊಂಡ ಜಲ್ಲಿಯಕ್ಕ, ಸುತ್ತಿಗೆಯಲ್ಲಿ ಜಲ್ಲಿ ಒಡೆಯುವವಳು, ನಗಲಿಲ್ಲ. ಅವಳ ಗಂಡ ಪಕ್ಕದಲ್ಲೇ ಹಾರೆ ಹಿಡಿದು ನಿಂತಿದ್ದ. ಗಂಡ ಗುಂಡುಕಲ್ಲಿನ ಹಾಗೆ ಎದುರಿಗಿದ್ದಾಗಲೇ ಮುಂಡೆ ಅನ್ನಿಸಿಕೊಳ್ಳುವುದು ಆ ಕಲ್ಲುಗಣಿಯ ಹೆಂಗಸರಿಗೆ ಹೊಸದೇನಲ್ಲ.

“ಬಾಗ್ಲು ಕಿತ್ರೆ ಧೂಳೆಲ್ಲ ಸೀದಾ ಅತ್ತೆ ಬಾಯಿಗೇ ಬರತ್ತೆ ಮೇಸ್ತ್ರಿ. ಮೊದ್ಲೇ ಉಸಿರು ಹಿಡಿಯಲ್ಲ ಆಯಮ್ಮಂಗೆ.”

“ಸಾಹೇಬ್ರು ಬಂದು ಅಳತೆ ಮಾಡ್ಕೊಂಡು ಹೋಗೋತನಕ ಕಣೇ. ಆಮೇಲೆ ಬೇಕಾದ್ರೆ ಬಂಗಾರದ ಚಿಲಕ ಹಾಕಿಸ್ಕೋ, ಯಾರು ಬೇಡ ಅಂತಾರೆ?” ಮೇಸ್ತ್ರಿ ಅವಳನ್ನು ಬಿಟ್ಟು ಗಂಡನ ಕಡೆ ತಿರುಗಿದ. “ನೀನೇನೋ ಬೋಳಿಮಗನೆ, ಹೆಂಡ್ತಿ ಅಪ್ಪಣೆ ಕೊಡ್ಲಿ ಅಂತ ಕಾಯ್ತಿದೀಯಾ?”

ಗಂಡ ಹಾರೆಯನ್ನು ಬಾಗಿಲ ಸಂದಿಗೆ ತೂರಿಸಿದ. ಒಂದೇ ಮೀಟು. ಕೀಲುಗಳು ಮರದ ಚೂರು ಸಮೇತ ಕಿತ್ತು ಬಂದವು. ಬಂಡೆಗೆ ಕುಳಿ ಕೊರೆಯುವ ಕೈ ಅದು. ತಗಡು ಬಡಿದ ಬಾಗಿಲು ಅದಕ್ಕೆ ಯಾವ ಲೆಕ್ಕ?

ಕೂಲಿಯವರ ಮನೆಗಳ ಸಾಲಿನ ಉದ್ದಕ್ಕೂ ಅದೇ ಕೆಲಸ ನಡೆದಿತ್ತು. ಗಣಿಯಲ್ಲಿ ಮಾರಾಟಕ್ಕೆ ಬಾರದ ಕಲ್ಲುಗಳನ್ನು ಪೇರಿಸಿ ಕಟ್ಟಿದ ಗೋಡೆ, ಮೇಲೊಂದು ತಗಡು, ಒಂದೊಂದು ಕೋಣೆ. ಜನ ತಮ್ಮ ತಮ್ಮ ಬಾಗಿಲನ್ನು ತಾವೇ ಕಿತ್ತು, ತಮ್ಮ ತಮ್ಮ ಒಲೆಯನ್ನು ತಾವೇ ಒಡೆದು, ಬೂದಿ ಗುಡಿಸಿ, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಪಾತ್ರೆಪಡಗ ಹೊತ್ತುಕೊಂಡು ಹೋಗಿ ಕ್ರಷರ್ ಯಂತ್ರದ ಹಿಂದೆ ಗುಡ್ಡೆ ಹಾಕುತ್ತಿದ್ದರು. ಗೋಡೆಯ ಮೇಲೆ ಮಕ್ಕಳು ಇದ್ದಿಲಿನಲ್ಲಿ ಬರೆದ ಗಿಳಿ, ಕುದುರೆಗಳಿಗೆ ಒಬ್ಬಳು ಸುಣ್ಣ ಬಳಿಯುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಸರ್ಕಾರದ ಹೊಸ ನೀತಿ.

ಸಾಲು ಕಟ್ಟಿದ ಕಾಲಕ್ಕೆ ಗಣಿ ದೂರವಿತ್ತು. ಕಲ್ಲು ತಿಂದೂ ತಿಂದೂ ಅದು ಹೊಟ್ಟೆಬಾಕನ ಹಾಗೆ ಹಿತ್ತಿಲಿಗೇ ಬಂದು ನಿಂತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮದ್ದು ಸಿಡಿಸಿದಾಗ, ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಾರಿ ಬಂದು ಜಲ್ಲಿಯಕ್ಕನ ತಗಡನ್ನು ತೂತು ಮಾಡಿ ಒಳಗೆ ಬಿತ್ತು. ಒಳಗೆ ಅವಳ ಮಗಳು ತಲೆ ಬಾಚಿಕೊಳ್ಳುತ್ತಾ ಕೂತಿದ್ದಳು. ಒಂದು ಕಡೆಯ ಜಡೆ ಹೆಣೆದಾಗಿತ್ತು. ಇನ್ನೊಂದು ಕಡೆಯದು ಆಗಬೇಕಿತ್ತು.

ಸಂಜೆ ಗಣಿಯ ಧಣಿ ಕಾರಿನಲ್ಲಿ ಬಂದ. ಹಣೆಬರಹಕ್ಕೆ ಹೊಣೆ ಯಾರು ಅಂದ. ಮಾರನೆಯ ದಿನ ಹೊಸ ತಗಡು ಕಳಿಸಿಕೊಟ್ಟ.

ಆಮೇಲೆ ಕೆಲವು ತಿಂಗಳಿಗೆ ಇನ್ನೊಂದು ಕಲ್ಲು ಹಾರಿ ಹೆದ್ದಾರಿಗೆ ಬಿತ್ತು. ಅಲ್ಲಿ ಹೋಗುತ್ತಿದ್ದ ದೊಡ್ಡ ಮನುಷ್ಯರೊಬ್ಬರ ಕಾರಿನ ಗಾಜು ಪುಡಿಯಾಯಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಆದರೆ ಟೀವಿಯವರು ಬಂದರು, ಸಭೆಗಳಾದವು, ಗಣಿ ಪರವಾನಗಿಯ ಹಳೆಯ ನಿಯಮಗಳನ್ನೆಲ್ಲ ತಿದ್ದಿ ಹೊಸದು ಬರೆದರು.

ಅದನ್ನು ಸಾಲಿಗೆ ಓದಿ ಹೇಳಿದವನು ಜಲ್ಲಿಯಕ್ಕನ ಮೈದುನ. ಮದ್ದು ಸಿಡಿಸುವ ಮೊದಲು ಕೆಂಪು ಬಾವುಟ ಹಿಡಿದು ಸೀಟಿ ಊದುವುದು ಅವನ ಕೆಲಸ. ಹಾಗಾಗಿ ಎಲ್ಲರಿಗೂ ಅವನು ಪೀಪಿ. ಅವನು ಮೊಬೈಲನ್ನು ಮೂಗಿಗೆ ಹಿಡಿದು, “ವಾಸದ ಮನೆಗಳಿಂದ ಐನೂರು ಮೀಟರ್ ಒಳಗೆ ಸ್ಫೋಟಕ ಬಳಸುವಂತಿಲ್ಲ, ಪರವಾನಗಿ ನವೀಕರಿಸುವಂತಿಲ್ಲ” ಎಂದು ಓದಿದಾಗ ಜನ ಮತ್ತೊಮ್ಮೆ ಓದಿಸಿದರು.

“ಹಂಗಾದ್ರೆ ಇನ್ನು ಕಲ್ಲು ಬೀಳಲ್ಲ,” ಅಂದ ಗಂಡ. ಮಗಳು ಹೋದ ಮೇಲೆ ಅವನು ತಾನಾಗಿ ಆಡಿದ ಮೊದಲ ಮಾತು ಅದು.

“ಬೀಳಲ್ಲ ಅಂತ ಸರ್ಕಾರವೇ ಹೇಳಿದೆ ಅಣ್ಣ.”

ಮಂಚದ ಮೇಲಿಂದ ಅತ್ತೆ ಕೆಮ್ಮುತ್ತಲೇ, “ಸರ್ಕಾರ ಹೇಳಿದ್ದು ಕಲ್ಲಿಗೂ ಕೇಳಿಸ್ಬೇಕಲ್ಲಪ್ಪ,” ಅಂದಳು. ಎಲ್ಲರೂ ನಕ್ಕರು. ಜಲ್ಲಿಯಕ್ಕನೂ ನಕ್ಕಳು.

ಆ ನಗು ಒಂದು ವಾರವೂ ಬಾಳಲಿಲ್ಲ. ಧಣಿ ಎಲ್ಲರನ್ನೂ ಆಫೀಸಿನ ಮುಂದೆ ಸೇರಿಸಿದ. ಅವನು ಮೇಸ್ತ್ರಿಯ ಹಾಗೆ ಬಾಯಿ ಹೊಲಸು ಮಾಡಿಕೊಳ್ಳುವವನಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಳ್ಳುತ್ತಾ ಮಾತಾಡಿದ.

“ಕಾನೂನು ನಾನು ಮಾಡಿದ್ದಲ್ಲ. ಮನೆ ಇದ್ರೆ ಗಣಿ ಇಲ್ಲ. ಗಣಿ ಇಲ್ದಿದ್ರೆ ನಿಮಗೆ ಕೂಲಿ ಇಲ್ಲ. ಏನು ಮಾಡೋಣ, ನೀವೇ ಹೇಳಿ. ನಾನು ಒತ್ತಾಯ ಮಾಡಲ್ಲ.”

ಜಲ್ಲಿಯಕ್ಕ ನಿಂತಲ್ಲಿಂದಲೇ ಕೇಳಿದಳು. “ಗಣೀನ ಸ್ವಲ್ಪ ಆ ಕಡೆ ತಗೊಂಡು ಹೋಗ್ಬಹುದಲ್ವಾ ಧಣಿ?”

“ಬಂಡೆಗೆ ಕಾಲಿದ್ಯೇನಮ್ಮ?” ಅಂದ ಧಣಿ, ನಗುನಗುತ್ತಲೇ. “ನಿಮಗಿದೆ.”

ಹೀಗೆ ಅವರು ತಮ್ಮ ಮನೆಗಳನ್ನು ಮನೆಗಳಲ್ಲದಂತೆ ಮಾಡಲು ಒಪ್ಪಿಕೊಂಡರು. ಗೋಡೆಗಳಿರಲಿ, ಗೋಡೌನ್ ಅಂತ ತೋರಿಸೋಣ, ಸಾಹೇಬರು ಹೋದ ಮೇಲೆ ಮತ್ತೆ ಬಂದು ಸೇರಿಕೊಳ್ಳಿ ಎಂದಿದ್ದ ಧಣಿ. ಗೊಣಗಿದವರುಂಟು. ಬೇಡ ಅಂದವರಿಲ್ಲ. ಜಲ್ಲಿಯಕ್ಕನೂ ಬೇಡ ಅನ್ನಲಿಲ್ಲ. ಒಲೆ ಹೊತ್ತಬೇಕಾದರೆ ಗಣಿ ನಡೆಯಬೇಕಿತ್ತು.

ತೊಡಕಾದದ್ದು ಅತ್ತೆಯಿಂದ. ಬಾಗಿಲು ಕಿತ್ತ ಮೇಲೆ, ಸಾಹೇಬರು ಬರುವ ದಿನ ಬೆಳಿಗ್ಗೆ ಗಂಡ ತಾಯಿಯನ್ನು ಎತ್ತಿಕೊಳ್ಳಲು ಹೋದಾಗ ಅವಳಿಗೆ ಉಸಿರು ಸಿಕ್ಕಿಕೊಂಡು ಕಣ್ಣು ಮೇಲಾದವು. ಎರಡು ಸಲ ಹಾಗಾಯಿತು. ಅಷ್ಟರಲ್ಲಿ ದೂರದಲ್ಲಿ ಜೀಪಿನ ಧೂಳು ಎದ್ದಿತು. ಮೇಸ್ತ್ರಿ ಓಡಿ ಬಂದ.

“ಇನ್ನೂ ಇಲ್ಲೇ ಇದ್ಯಾ ಈ ಮುದಿಗೂಬೆ! ಮಂಚ ಆಚೆ ಹಾಕ್ರೋ. ಮೂಲೆಗೆ ಮಲಗಿಸಿ ಟಾರ್ಪಾಲ್ ಹೊದಿಸ್ರೋ. ನೀನೂ ಒಳಗೇ ಬಿದ್ಕೊಳೇ ಜಲ್ಲಿ. ಕೆಮ್ಮು ಬಂತೋ, ಬಾಯಿಗೆ ಕೈ ಅಡ್ಡ ಇಡು. ಒಂದು ಸದ್ದು ಬಂದ್ರೆ ನಿಮ್ಮ ಇಡೀ ಸಾಲಿನ ಹೊಟ್ಟೆ ಮೇಲೆ ಹೊಡೆದ ಹಾಗೆ, ತಿಳ್ಕೋ.”

ಹಳೇ ಚೀಲಗಳ ಪಕ್ಕ, ಗ್ರೀಸು ನಾರುವ ಟಾರ್ಪಾಲಿನ ಅಡಿಯಲ್ಲಿ, ಅತ್ತೆಯನ್ನು ಎದೆಗೊತ್ತಿಕೊಂಡು ಜಲ್ಲಿಯಕ್ಕ ಮಲಗಿದಳು. ಮಗುವನ್ನು ಹಾಗೆ ಮಲಗಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಅತ್ತೆಯ ಎದೆಗೂಡಿನಲ್ಲಿ ಜರಡಿ ಆಡಿಸಿದಂಥ ಸದ್ದು. ಟಾರ್ಪಾಲಿನ ಒಂದು ಹರಕಿನಿಂದ ಬಾಗಿಲಿಲ್ಲದ ಬಾಗಿಲು ಕಾಣುತ್ತಿತ್ತು.

ಬೂಟುಗಳು ಬಂದವು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಅವರ ಹಿಂದೆ ಟೇಪು ಹಿಡಿದ ಗುಮಾಸ್ತ, ಧಣಿ, ಮೇಸ್ತ್ರಿ.

“ಇದೇನು?”

“ಗೋಡೌನ್ ಸಾರ್. ಸಾಲು ಪೂರಾ ಗೋಡೌನೇ. ಸಾಮಾನು ಇಡೋಕೆ.”

“ಹೊಗೆ ಹಿಡಿದಿದೆಯಲ್ರೀ ಗೋಡೆ?”

“ಟಾರು ಕಾಸ್ತಿದ್ರು ಸಾರ್, ಹಿಂದೆ,” ಅಂದ ಧಣಿ.

ಅತ್ತೆಯ ಮೈ ಒಮ್ಮೆ ಬಿಗಿಯಿತು. ಜಲ್ಲಿಯಕ್ಕ ಅಂಗೈಯನ್ನು ಅವಳ ಬಾಯಿಗೆ ಒತ್ತಿದಳು. ಕೆಮ್ಮು ಅಂಗೈಗೆ ಗುದ್ದಿತು. ಮತ್ತೆ ಗುದ್ದಿತು. ಅವಳು ಇನ್ನೂ ಬಿಗಿಯಾಗಿ ಒತ್ತಿದಳು. ಮುದುಕಿಯ ಕಣ್ಣುಗಳು ಅಷ್ಟು ಹತ್ತಿರದಿಂದ ಅವಳನ್ನೇ ನೋಡುತ್ತಿದ್ದವು. ಬೇಡ ಅನ್ನುತ್ತಿದ್ದವೋ, ಇನ್ನೂ ಒತ್ತು ಅನ್ನುತ್ತಿದ್ದವೋ ತಿಳಿಯಲಿಲ್ಲ. ಬೆರಳ ಸಂದಿಯಿಂದ ಬಿಸಿಯಾದದ್ದೇನೋ ಒಸರಿತು. ಕೈ ತಾನಾಗಿಯೇ ಸಡಿಲಾಯಿತು. ಕೆಮ್ಮು ಇಡೀ ಕೋಣೆ ತುಂಬಿತು.

“ಏನ್ರೀ ಅದು?”

ಮೇಸ್ತ್ರಿ ಸಾಹೇಬರಿಗೂ ಟಾರ್ಪಾಲಿಗೂ ನಡುವೆ ಬಂದು ನಿಂತ.

“ನಾಯಿ ಸಾರ್,” ಅಂದ ಮೇಸ್ತ್ರಿ. “ಮರಿ ಹಾಕಿದೆ. ಹತ್ರ ಹೋಗ್ಬೇಡಿ, ಕಚ್ಚತ್ತೆ.”

ಬೂಟುಗಳು ಹತ್ತಿರ ಬಂದವು. ಟಾರ್ಪಾಲಿನ ಅಂಚು ಮೇಲೆದ್ದಿತು. ಸಾಹೇಬರ ಕಣ್ಣು ಜಲ್ಲಿಯಕ್ಕನ ಕಣ್ಣಿಗೆ ಸಿಕ್ಕಿತು. ವಯಸ್ಸಾದ, ನಿದ್ದೆಗೆಟ್ಟ, ಕೆಟ್ಟದ್ದೇನೂ ಇಲ್ಲದ ಕಣ್ಣು. ಅದು ಅತ್ತೆಯ ಬಾಯಿಯ ರಕ್ತವನ್ನು ನೋಡಿತು. ಈಗ ಮಾತಾಡಬೇಕು ಅಂದುಕೊಂಡಳು ಜಲ್ಲಿಯಕ್ಕ. ಆದರೆ ಕ್ರಷರಿನ ಹಿಂದೆ ಮಕ್ಕಳನ್ನು ಕಂಕುಳಲ್ಲಿ ಅವಚಿಕೊಂಡು ನಿಂತ ಸಾಲಿನ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು.

ಸಾಹೇಬರು ಟಾರ್ಪಾಲನ್ನು ಮೆಲ್ಲಗೆ, ಮಲಗಿದವರಿಗೆ ಹೊದಿಸುವಷ್ಟು ಮೆಲ್ಲಗೆ, ಕೆಳಗೆ ಬಿಟ್ಟರು.

“ನಾಯಿ,” ಎಂದರು ಗುಮಾಸ್ತನಿಗೆ. “ನಾಯಿ ಬಗ್ಗೆ ನೀತಿಯಲ್ಲಿ ಏನೂ ಹೇಳಿಲ್ಲ. ವಾಸದ ಮನೆಗಳು ಕಂಡುಬಂದಿಲ್ಲ ಅಂತ ಬರ್ಕೊಳ್ಳಿ.”

ಆ ಸಂಜೆ ಜನ ಬಾಗಿಲು ಹೊತ್ತು ತಂದು ಮತ್ತೆ ಕೂರಿಸಿಕೊಂಡರು. ಕೀಲು ಕಿತ್ತುಹೋದವರು ಹಗ್ಗ ಕಟ್ಟಿದರು. ಜಲ್ಲಿಯಕ್ಕ ಅತ್ತೆಗೆ ಬಿಸಿನೀರು ಕುಡಿಸಿದಳು.

“ನಾಯಿ ಅಂದ್ನಲ್ಲೇ ಅವನು,” ಅಂದಳು ಅತ್ತೆ, ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಾ. “ಕಚ್ಚಿಯಾದ್ರೂ ಬಿಡ್ಬೇಕಿತ್ತು ಕಣೇ ನಾನು. ಹಲ್ಲಿಲ್ದೇ ಹೋಯ್ತು.”

“ನನಗಿದ್ವಲ್ಲ ಅತ್ತೆ,” ಅಂದಳು ಜಲ್ಲಿಯಕ್ಕ. ಅತ್ತೆ ಸೊಸೆಯ ಕೈ ಮೇಲೆ ಕೈಯಿಟ್ಟಳು. ತಿಂಗಳು ತುಂಬುವ ಮೊದಲೇ ಮುದುಕಿ ತೀರಿಕೊಂಡಳು.

ಪರವಾನಗಿ ಬಂತು. ಧಣಿ ಎಲ್ಲರಿಗೂ ಸಿಹಿ ಹಂಚಿಸಿದ. ಅದರ ಹಿಂದೆಯೇ ಮೇಸ್ತ್ರಿ ಸುಣ್ಣದ ಡಬ್ಬ ಹಿಡಿದು ಸಾಲಿನ ಮುಂದೆ ಗೆರೆ ಎಳೆಯುತ್ತಾ ಬಂದ. ಹೊಸ ಪರವಾನಗಿಯಲ್ಲಿ ಗಣಿಯ ಗಡಿ ಹಿಗ್ಗಿತ್ತು. ಸಾಲು ಕೂತಿದ್ದ ಬಂಡೆಯೂ ಅದರೊಳಗೆ ಸೇರಿತ್ತು.

“ಇದೇನು ಮೇಸ್ತ್ರಿ, ಮತ್ತೆ ಬಂದು ಸೇರ್ಕೊಳ್ಳಿ ಅಂದಿದ್ರು ಧಣಿ?” ಪೀಪಿ ಕೇಳಿದ.

“ಯಾರಿಗೋ ಅಂದಿದ್ದು? ಇಲ್ಲಿ ಮನೆ ಇಲ್ಲ ಅಂತ ಸರ್ಕಾರವೇ ಬರೆದು ಕೊಟ್ಟಿದೆ. ನಿನಗೆ ಅನುಮಾನ ಇದ್ರೆ ಹೋಗಿ ಸರ್ಕಾರನ ಕೇಳು.” ಮೇಸ್ತ್ರಿ ಉಗಿದ. “ಕ್ರಷರ್ ಧೂಳಿನ ದಿಬ್ಬದ ಆಚೆ ಜಾಗ ಇದೆ. ಅಲ್ಲಿ ಹೋಗಿ ಹಾಕ್ಕೊಳ್ಳಿ ನಿಮ್ಮ ಗುಡಿಸ್ಲು. ಮದ್ದು ಬಂದಿದೆ, ಬೇಗ.”

ಜನ ಮತ್ತೊಮ್ಮೆ ಬಾಗಿಲು ಕಿತ್ತರು. ಈ ಸಲ ಯಾರೂ ಬಯ್ಯಬೇಕಾಗಲಿಲ್ಲ. ಜಗುಲಿಗಳ ಮುಂದೆ ಕುಳಿ ಕೊರೆಯಲು ಮೇಸ್ತ್ರಿ ಗುರುತು ಹಾಕಿದ. ಜಲ್ಲಿಯಕ್ಕನ ಹೊಸ್ತಿಲ ಮುಂದೆಯೂ ಒಂದು ಗುರುತು ಬಿತ್ತು.

ಕೊರೆಯಲು ಬಂದವನು ಅವಳ ಗಂಡ.

ಅವನು ಯಂತ್ರವನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತ. ಬಂಡೆ ಕಿರುಚಿತು, ಬಿಳಿ ಪುಡಿ ಕಾರಿತು. ಜಲ್ಲಿಯಕ್ಕ ಗಂಟುಮೂಟೆ ಕಟ್ಟುತ್ತಾ ನೋಡುತ್ತಲೇ ಇದ್ದಳು. ಯಂತ್ರ ನಿಂತಾಗ ಅವನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿತ್ತು.

“ನಿನಗೆ ಏನೂ ಅನ್ಸಲ್ವಾ?” ಅಂದಳು.

“ನಾನಲ್ದಿದ್ರೆ ಇನ್ನೊಬ್ಬ ಕೊರೀತಾನೆ,” ಅಂದ ಗಂಡ. “ಅನ್ಸಿ ಏನ್ ಮಾಡ್ಲಿ? ಅನ್ಸಿದ್ದನ್ನ ಬೇಯಿಸ್ಕೊಂಡು ತಿನ್ನೋಕಾಗತ್ತಾ?” ಯಂತ್ರವನ್ನು ಎತ್ತಿಕೊಂಡು ಮುಂದಿನ ಗುರುತಿಗೆ ಹೋದ. ಹೋಗುವಾಗ ಹೊಸ್ತಿಲನ್ನು ತುಳಿಯದೆ ಸುತ್ತು ಬಳಸಿಕೊಂಡು ಹೋದ.

ಮಧ್ಯಾಹ್ನದ ಹೊತ್ತಿಗೆ ಕುಳಿಗಳಿಗೆ ಮದ್ದು ತುಂಬಿ, ಮಣ್ಣು ಜಡಿದು, ಕೆಳಗಿದ್ದ ಮದ್ದು ಸಿಡಿಸುವ ಪೆಟ್ಟಿಗೆಯವರೆಗೆ ತಂತಿ ಎಳೆದರು. ಸಾಲಿನವರೆಲ್ಲ ದಿಬ್ಬದ ಆಚೆ ತಗಡುಗಳನ್ನು ನಿಲ್ಲಿಸುತ್ತಿದ್ದರು. ಜಲ್ಲಿಯಕ್ಕ ಗಂಟನ್ನು ಅಲ್ಲಿಳಿಸಿ ಸ್ವಲ್ಪ ಹೊತ್ತು ನಿಂತಳು. ಗಾಳಿ ಬೀಸಿದಾಗಲೆಲ್ಲ ದಿಬ್ಬದ ಪುಡಿ ಮಕ್ಕಳ ತಟ್ಟೆಯ ಮೇಲೆ ಬಂದು ಬೀಳುತ್ತಿತ್ತು. ಮಕ್ಕಳು ಅದನ್ನು ಊದಿ ಊದಿ ಉಣ್ಣುತ್ತಿದ್ದವು. ಅವಳು ತನ್ನ ಸುತ್ತಿಗೆ ಎತ್ತಿಕೊಂಡು ವಾಪಸು ನಡೆದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಸುತ್ತಿಗೆ ಹಿಡಿದ ಹೆಂಗಸು ಕೆಲಸಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ?

ಪೀಪಿ ಕೆಂಪು ಬಾವುಟ ಹಿಡಿದು ಬಂಡೆಯನ್ನು ಒಮ್ಮೆ ಸುತ್ತಿ ಬರುವಾಗ, ಅವಳು ತನ್ನ ಹೊಸ್ತಿಲ ಮುಂದಿನ ಕುಳಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ತಂತಿ ಹಾದುಹೋಗಿತ್ತು.

“ಅತ್ತಿಗೆ! ಏಳಿ ಅತ್ತಿಗೆ, ಮದ್ದು ತುಂಬಿದೆ!”

ಅವಳು ಒಂದು ದಪ್ಪ ಕಲ್ಲನ್ನು ಎಳೆದುಕೊಂಡು ಎರಡೂ ಪಾದಗಳ ನಡುವೆ ಇಟ್ಟುಕೊಂಡಳು.

“ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಏಳಿ.”

“ಯಾರಿಗೆ ಹೇಳ್ತಿದೀಯಪ್ಪ?” ಅಂದಳು ಜಲ್ಲಿಯಕ್ಕ, ತಲೆ ಎತ್ತದೆ. “ಇಲ್ಲಿ ಯಾರೂ ಇಲ್ವಲ್ಲ. ಬರ್ಕೊಂಡು ಹೋಗಿದಾರೆ.”

ಕೆಳಗಿನಿಂದ ಮೇಸ್ತ್ರಿ ಕೂಗಿದ. “ಯಾವಳೋ ಅವಳು? ಎಳೆದು ಹಾಕೋ ಈಚೆಗೆ! ಲೋ, ನಿನ್ನ ಹೆಂಡ್ತಿ ಕಣೋ, ಹೋಗೋ ಸೂಳೆಮಗನೆ!” ಗಂಡ ಕುಳಿ ಕೊರೆದ ಯಂತ್ರದ ಪಕ್ಕ ನಿಂತಿದ್ದ. ಒಂದು ಹೆಜ್ಜೆ ಇಟ್ಟ. ಆಮೇಲೆ ನಿಂತುಬಿಟ್ಟ. ಮೇಸ್ತ್ರಿ ಅವನ ಕೆನ್ನೆಗೆ ಬಾರಿಸಿದ, ಅವನು ಅಲ್ಲಾಡಲಿಲ್ಲ. ಇವಳ ಕಡೆಗೂ ಬರಲಿಲ್ಲ.

“ಧಣಿ ಕಾಯ್ತಿದಾರೆ. ಹೆದರಿಸ್ತಿದಾಳೆ ಅಷ್ಟೇ, ಸೀಟಿ ಕೇಳಿದ್ರೆ ಓಡ್ತಾಳೆ,” ಎಂದು ಮೇಸ್ತ್ರಿ ಪೆಟ್ಟಿಗೆಯ ಬಳಿ ಕುಕ್ಕರುಗಾಲಲ್ಲಿ ಕೂತ. “ಊದೋ ಪೀಪಿ!”

ಪೀಪಿ ಸೀಟಿಯನ್ನು ಬಾಯಿಗಿಟ್ಟುಕೊಂಡ. ಉಸಿರು ಸಾಲದೆ ಬರೀ ಗಾಳಿ ಹೊರಟಿತು.

“ಊದೋ ಅಂದ್ರೆ!”

ಮದ್ದಿನ ಹೊತ್ತೆಂದು ಕ್ರಷರ್ ನಿಲ್ಲಿಸಿದ್ದರು. ಲಾರಿಗಳು ನಿಂತಿದ್ದವು. ಆ ನಿಶ್ಶಬ್ದದಲ್ಲಿ ಜಲ್ಲಿಯಕ್ಕ ಸುತ್ತಿಗೆ ಎತ್ತಿ ಕಲ್ಲಿನ ಮೇಲೆ ಬಿಟ್ಟಳು. ಮತ್ತೆ ಎತ್ತಿದಳು, ಮತ್ತೆ ಬಿಟ್ಟಳು. ಆ ಸದ್ದು ಗಣಿಯ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಪೆಟ್ಟಿಗೆಯ ಹಿಡಿಯ ಮೇಲೆ ಮೇಸ್ತ್ರಿಯ ಕೈ ಇತ್ತು.