ಹಲಗೆಗಳಿಗೆ ತಂಪು

ಅಕ್ಕ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಏಳು ತಿಂಗಳ ಬಸುರಿ. ಹೊಟ್ಟೆ ಅಡ್ಡ ಬರುತ್ತಿದ್ದರಿಂದ ಒಂದು ಕೈ ಊರಿಕೊಂಡು, ಇನ್ನೊಂದರಲ್ಲಿ ಉಕ್ಕಿನ ಪಟ್ಟಿ ಹಿಡಿದು ಕೆರೆಯಬೇಕು. ಹಳೆಯ ನೆಲಹಾಸು ಕಿತ್ತರೂ ಅದರ ಅಂಟು ಸಿಮೆಂಟನ್ನು ಬಿಟ್ಟಿರಲಿಲ್ಲ. ಅಂಟು ಕರಗಿಸುವ ಘಾಟಿನ ಥಿನ್ನರ್ ಸುರಿದು, ನೆನೆಯಲು ಬಿಟ್ಟು ಕೆರೆದರೆ ಒಂದಿಷ್ಟು ಏಳುತ್ತಿತ್ತು. ಕಾಳಿನಷ್ಟು ಅಂಟು ಉಳಿದರೂ ಮೇಲೆ ಹಾಸುವ ವಿನೈಲ್ ಹಲಗೆ ಅಲ್ಲಿ ಉಬ್ಬಿ ನಿಲ್ಲುತ್ತದೆ.

ಹಲಗೆ ಹಾಸುವವನು ಅವಳ ಗಂಡ, ನಮ್ಮ ಭಾವ. ನಾನು ಅದೇ ಮನೆಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದೆ.

ಈ ಕೆಲಸಕ್ಕೊಂದು ಕ್ರಮವಿದೆ. ಮೊದಲು ನೆಲ ಕೆರೆದು, ಕಿಟಕಿಗಳನ್ನೆಲ್ಲ ತೆರೆದಿಟ್ಟು ವಾಸನೆ ಹೋಗಲು ಬಿಡಬೇಕು. ಆಮೇಲೆ ಹಲಗೆಯ ಪೆಟ್ಟಿಗೆಗಳನ್ನು ಒಳಗೆ ತಂದು ಎರಡು ದಿನ ಮಲಗಿಸಿಡಬೇಕು. ಕೋಣೆಯ ಬಿಸಿ ತಂಪಿಗೆ ಒಗ್ಗಿಕೊಂಡರೆ ಹಾಸಿದ ಮೇಲೆ ಅವು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಭಾವ ಇದನ್ನು ಮನೆ ಯಜಮಾನನಿಗೆ ಬಿಡಿಸಿ ಹೇಳಿದ್ದ. ಆದರೆ ವಾರದ ಕೊನೆಗೆ ನೆಂಟರು ಬರುವವರಿದ್ದರು. ಕೆರೆಯುವುದೂ ಹಲಗೆ ಒಗ್ಗುವುದೂ ಒಟ್ಟಿಗೇ ಆಗಲಿ ಎಂದು ಯಜಮಾನ ಪೆಟ್ಟಿಗೆಗಳನ್ನು ಆಗಲೇ ಒಳಗೆ ತರಿಸಿ, ಕಿಟಕಿ ಮುಚ್ಚಿಸಿ, ಎಸಿ ಹಾಕಿಸಿದ. ಹೊರಗೆ ಬಿಸಿಲು ಕೆಂಡದಂತಿತ್ತು. ಹಲಗೆಗಳ ಪುಣ್ಯ ದೊಡ್ಡದು.

ಮಧ್ಯಾಹ್ನದೊಳಗೆ ಅಕ್ಕ ಹಲವು ಸಲ ಹೊರಗೆ ಬಂದು ಉಸಿರೆಳೆದುಕೊಂಡಳು. ಮುಖ ಬಿಳಿಚಿಕೊಂಡಿತ್ತು. ಬಾಗಿಲು ತೆರೆದಾಗಲೆಲ್ಲ ತಂಪು ಆಚೆ ಹೋಗುತ್ತದೆಂದು ಯಜಮಾನ ಗೊಣಗುತ್ತಿದ್ದ. ಭಾವ ಅಂಗಡಿಗೆ ಹೋಗಿದ್ದಾಗ ಅವಳು ಮತ್ತೆ ಬಾಗಿಲಿಗೆ ಬಂದಳಂತೆ. ಇದು ಅಕ್ಕ ಆಮೇಲೆ ಹೇಳಿದ್ದು.

“ತಲೆ ಸುತ್ತುತ್ತೆ ಸಾರ್. ಒಂದು ಕಿಟಕಿನಾದ್ರೂ ತೆಗೀಲಾ?”

“ನಿನ್ನೊಬ್ಬಳಿಗೋಸ್ಕರ ಅಷ್ಟೂ ಹಲಗೆ ಹಾಳು ಮಾಡ್ಕೊಳ್ಲಾ? ಮುಗಿಸಿಬಿಟ್ಟು ಬಾ.”

ಹೊರಗಿನಿಂದ ಚಿಲಕ ಹಾಕಿ ಅವನು ಊಟಕ್ಕೆ ಮಹಡಿಗೆ ಹೋದ.

ನಾನು ಏಣಿ ಜರುಗಿಸಿ ಆ ಕೋಣೆಯ ಕಿಟಕಿಗೆ ಬಂದಾಗ ಅಕ್ಕ ಪೆಟ್ಟಿಗೆಗಳ ಮೇಲೆ ತಲೆಯಿಟ್ಟು ಒರಗಿದ್ದಳು. ಕರೆದೆ, ಗಾಜು ಬಡಿದೆ. ಅಲುಗಲಿಲ್ಲ. ಬಣ್ಣದ ಡಬ್ಬದಿಂದಲೇ ಗಾಜು ಒಡೆದು ಒಳಗಿಳಿದೆ. ಆ ಘಾಟಿಗೆ ಕಣ್ಣು ಉರಿದುಹೋದವು. ಸದ್ದು ಕೇಳಿ, ಮನೆಯ ಹಿಂಬದಿಯಲ್ಲಿ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್, ಪ್ಲಂಬರ್ ಓಡಿಬಂದು ಚಿಲಕ ತೆಗೆದರು. ಯಜಮಾನನೂ ಬಾಯಲ್ಲಿದ್ದ ತುತ್ತು ನುಂಗುತ್ತಲೇ ಬಂದ. ನಾವು ಅಕ್ಕನನ್ನು ಎತ್ತುತ್ತಿದ್ದೆವು. ಅವನು ಅವಳ ತಲೆ ಕೆಳಗಿದ್ದ ಪೆಟ್ಟಿಗೆ ಬಿಚ್ಚಿ, ಒಂದು ಹಲಗೆ ತೆಗೆದು, ಬಗ್ಗಿದೆಯೇ ಎಂದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ.

“ಬಿಸಿಗಾಳಿ ಒಳಗೆ ಬಂತಲ್ರೋ. ಇನ್ನು ಎರಡು ದಿನ ಮೊದಲಿಂದ ಎಣಿಸ್ಬೇಕು.”

ಆಸ್ಪತ್ರೆಯಲ್ಲಿ ಅಕ್ಕ ಉಳಿದಳು. ಅಂದೇ ಹೆರಿಗೆಯಾಯಿತು, ಹೆಣ್ಣು ಮಗು. ಅದು ಉಸಿರಾಡಲೇ ಇಲ್ಲ.

ಸರಿಯಾಗಿ ಎರಡು ದಿನಕ್ಕೆ ಭಾವನಿಗೆ ಯಜಮಾನನ ಫೋನು ಬಂತು. ಆದದ್ದು ಆಯಿತು, ಹಲಗೆ ಒಗ್ಗಿವೆ, ಬಂದು ಹಾಸು ಎಂದ. ಭಾವ ಹೊರಟ. ನಾನೂ ಹೋದೆ. ಒಡೆದ ಕಿಟಕಿಗೆ ರಟ್ಟು ಬಡಿದಿದ್ದರು. ಅರ್ಧ ನೆಲ ಚೊಕ್ಕಟವಾಗಿತ್ತು, ಇನ್ನರ್ಧದಲ್ಲಿ ಅಂಟು ಹಾಗೇ ಇತ್ತು. ನಡುವೆ ಅಕ್ಕನ ಪಟ್ಟಿ ಬಿದ್ದಿತ್ತು.

ಭಾವ ರಟ್ಟು ಕಿತ್ತೆಸೆದ. ಆಮೇಲೆ ಒಂದೊಂದೇ ಕಿಟಕಿ ತೆರೆಯತೊಡಗಿದ. ಯಜಮಾನ ಹಿಂದೆಯೇ ಹೋಗಿ ಒಂದನ್ನು ಮುಚ್ಚಿದ. ಎಲೆಕ್ಟ್ರಿಷಿಯನ್ ಅದನ್ನು ತೆರೆದ. ಇನ್ನೊಂದು ಮುಚ್ಚಿದರೆ ಪ್ಲಂಬರ್ ತೆರೆದ. ಬಿಸಿಗಾಳಿ ಕೋಣೆಯ ತುಂಬ ನುಗ್ಗಿತು.

“ಲೋ, ಹಲಗೆ ಹಾಳಾದ್ರೆ ಯಾರೋ ಹೊಣೆ?”

“ನಮ್ಮ ಮಗುಗೆ ಯಾರು ಹೊಣೆನೋ ಅವರೇ ಸಾರ್.”

ಭಾವ ಅಕ್ಕನ ಪಟ್ಟಿ ಎತ್ತಿಕೊಂಡು ಹೊರಗೆ ನಡೆದ. ಉಳಿದವರು ತಮ್ಮ ಚೀಲಗಳನ್ನು ಹೆಗಲಿಗೇರಿಸಿದರು. ನಾನು ಏಣಿ ಹೊತ್ತೆ. ಆ ಮನೆಯ ಕೆಲಸಕ್ಕೆ ಇನ್ನು ಯಾರೂ ಬರುವುದಿಲ್ಲವೆಂದು ಗೇಟಿನ ಹತ್ತಿರವೇ ಮಾತಾಯಿತು.

ಬೀದಿಗೆ ಬಂದರೂ ಹಿಂದಿನಿಂದ ಸದ್ದು ಕೇಳಿಸುತ್ತಿತ್ತು. ಯಜಮಾನ ಒಬ್ಬನೇ ಕಿಟಕಿಗಳನ್ನು ಮುಚ್ಚುತ್ತಿದ್ದ.